ಮಗುಚಿ ಬಿದ್ದ ಚಪ್ಪಲಿ

ಪ್ರಮೀಳಾಳ ಹಳೇ ಚಪ್ಪಲಿ ಬಾಗಿಲ ಬಳಿ ಹೊಸದಾಗಿ ಬಂದು ಕೂತ ಸ್ಕೇಟಿಂಗ್ ಶೂವನ್ನು ಕೇಳಿತು: “ನೀನು ಮಗಳದ್ದು ತಾನೆ?”

“ಅಲ್ಲಜ್ಜ, ತಾಯಿಯದ್ದು.”

ಚಪ್ಪಲಿ ದಂಗಾಯಿತು. “ಆ ಒಡೆದ ಹಿಮ್ಮಡಿ ನನಗೆ ಗೊತ್ತು. ಸ್ಕೂಲಿಗೆ, ರೇಷನ್ ಅಂಗಡಿಗೆ, ಆಸ್ಪತ್ರೆಗೆ ಜೊತೆಗೆ ಹೋದವನು ನಾನು. ಬಸ್ಸು ತಪ್ಪಿದರೂ ಓಡಿದವಳಲ್ಲ ಅವಳು.”

“ನಿನ್ನೆ ಸ್ಕೇಟಿಂಗ್ ರಿಂಕಿನಲ್ಲಿ ಓಡಿದಳು. ಅಡ್ಡ ನಿಂತ ಎದುರು ತಂಡದ ಮೂವರು ಹೆಂಗಸರನ್ನು ಭುಜದಿಂದ ನೂಕಿ ದಾಟಿದಳು. ಆಟವೇ ಅಂಥದ್ದು, ಗುದ್ದಾಡಿಯೇ ಮುಂದೆ ಹೋಗಬೇಕು.”

“ನೂಕಿದಳೇ? ಬೀಳಲಿಲ್ಲವೇ?”

“ಎರಡು ಸಲ ಬಿದ್ದಳು. ಮಂಡಿ ತರಚಿತು.”

“ಹಾಗಾದರೆ ಇನ್ನು ಹೋಗುವುದಿಲ್ಲ ಬಿಡು,” ಎಂದು ಚಪ್ಪಲಿ ಸಮಾಧಾನಪಟ್ಟುಕೊಂಡಿತು.

ಅಷ್ಟರಲ್ಲಿ ಮಂಡಿಗೆ ಪಟ್ಟಿ ಕಟ್ಟಿಕೊಂಡ ಪ್ರಮೀಳಾ ಬಂದಳು. ಶೂ ಹಾಕಿಕೊಳ್ಳುವ ಅವಸರದಲ್ಲಿ ಅವಳ ಕಾಲು ತಾಗಿ ಚಪ್ಪಲಿ ಮಗುಚಿ ಬಿತ್ತು. ಚಪ್ಪಲಿ ಮಗುಚಿದರೆ ಮನೆಯಲ್ಲಿ ಜಗಳವಾಗುತ್ತದೆಂದು ಮಕ್ಕಳನ್ನು ಗದರುತ್ತಿದ್ದವಳು, ನೆಂಟರ ಚಪ್ಪಲಿಯನ್ನೂ ಬಗ್ಗಿ ನೆಟ್ಟಗೆ ಮಾಡುತ್ತಿದ್ದವಳು, ಈ ಸಲ ನೋಡಿಯೂ ಹಾಗೇ ಬಿಟ್ಟಳು.

“ಅಮ್ಮಾ, ಜಗಳವಾಗುತ್ತದೆ,” ಎಂದು ಚಪ್ಪಲಿ ಬಿದ್ದಲ್ಲಿಂದಲೇ ಕೂಗಿತು.

ಗೇಟು ದಾಟುತ್ತಿದ್ದ ಶೂ ಹೇಳಿತು: “ಅದಕ್ಕೇ ಹೊರಟಿದ್ದೇವೆ, ಅಜ್ಜ.”