ರುಜು ಹಾಕದ ಓತಿಕೇತ

ಕಾಡಿನ ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತಿದ್ದ ಓತಿಕೇತದಂಥ ಗಟ್ಟಿ ಆಸಾಮಿ ಏಳು ಹೋಬಳಿಯಲ್ಲಿ ಇರಲಿಲ್ಲ; ಯಾವ ಪುಸ್ತಕ ಯಾವ ಮೂಲೆಯಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳುತ್ತಿತ್ತು. ಆದರೆ ನಾಳೆಯಿಂದ ಕಂಪ್ಯೂಟರಿನಲ್ಲಿ ದಾಖಲಾಗದೆ ಒಂದು ಪುಸ್ತಕವೂ ಮರಿಗಳ ಕೈಗೆ ಹೋಗಕೂಡದೆಂದು ಹೆಡ್‌ಮಾಸ್ಟರ್ ಆನೆಯ ಅಪ್ಪಣೆಯಾಗಿತ್ತು. ಕಲಿಸಲು ಪಟ್ಟಣದಿಂದ ಒಂದು ಗಿಳಿ ಬಂತು.

“ಇಲ್ಲಿ ಒತ್ತಿ, ಹೆಸರು ಬರುತ್ತೆ. ಅಲ್ಲಿ ಒತ್ತಿ, ಪುಸ್ತಕ ಹೋಗುತ್ತೆ. ತಿಳೀತಾ?”

ಓತಿಕೇತದ ತಲೆ ತಾನಾಗಿ ಆಡಿತು. ಗಿಳಿ ಹತ್ತು ಸಲ ಕೇಳಿತು, ಹತ್ತು ಸಲವೂ ತಲೆ ಆಡಿತು.

ಸಂಜೆ ಗಿಳಿ ಒಂದು ಹಾಳೆ ಮುಂದಿಟ್ಟಿತು. “ಎಲ್ಲ ಕಲಿತಿದ್ದೇನೆ ಅಂತ ರುಜು ಹಾಕಿ ರಾಯರೇ. ನಾನು ಗೂಡು ಸೇರಬೇಕು.”

ಬೆಳಗ್ಗೆ ಸಾಲು ನಿಲ್ಲುವ ಮೊಲದ ಮರಿಗಳು, ಅವು ಬರಿಗೈಯಲ್ಲಿ ವಾಪಸು ಹೋಗುವುದು, ಎಲ್ಲ ಓತಿಕೇತದ ಕಣ್ಣಿಗೆ ಕಟ್ಟಿತು. ಅದು ಪೆನ್ನು ಕೆಳಗಿಟ್ಟಿತು.

“ಮೇಷ್ಟ್ರೇ, ನನಗೆ ಏನೂ ತಲೆಗೆ ಹತ್ತಿಲ್ಲ. ತಪ್ಪು ಒತ್ತಿದರೆ ಏನು ಮಾಡಬೇಕು?”

“ಇಲ್ಲಿ ಒತ್ತಿ, ಹೆಸರು ಬರುತ್ತೆ. ಅಲ್ಲಿ ಒತ್ತಿ...”

“ಅದಲ್ಲ ಮೇಷ್ಟ್ರೇ. ತಪ್ಪು ಒತ್ತಿದರೆ?”

ಗಿಳಿ ಸುತ್ತ ನೋಡಿ ದನಿ ತಗ್ಗಿಸಿತು. “ನಿಜ ಹೇಳ್ಲಾ ರಾಯರೇ? ಇಷ್ಟು ಶಾಲೆ ಸುತ್ತಿದೀನಿ, ಇದನ್ನ ಒಬ್ರೂ ಕೇಳ್ಲಿಲ್ಲ. ನಾನೂ ಒತ್ತಿ ನೋಡಿಲ್ಲ.”

“ಹಾಗಾದ್ರೆ ಕೂತ್ಕೊಳ್ಳಿ, ನೋಡೇಬಿಡೋಣ,” ಅನ್ನುತ್ತಾ ಓತಿಕೇತ ಬೇಕಂತಲೇ ತಪ್ಪು ಗುಂಡಿ ಒತ್ತಿತು.