ಮೂರು ಬೆರಳಿನ ಪಾದ

ಗ್ರಂಥಾಲಯದ ಹಿತ್ತಲಿಗೆ ಎಸೆದಿದ್ದ ಕಾದಂಬರಿಯೊಂದನ್ನು ಗೆದ್ದಲುಗಳು ತಿನ್ನುತ್ತಿದ್ದವು. ಅಳಿದುಹೋದ ಡೈನೋಸಾರ್‌ಗಳು ಮತ್ತೆ ಹುಟ್ಟಿಬರುವ ಕಥೆ ಅದು. ತಿಂದ ಪುಟದ ಬಗ್ಗೆ ಸಭೆಯಲ್ಲಿ ಅಭಿಪ್ರಾಯ ಹೇಳಬೇಕೆಂಬುದು ಗೆದ್ದಲುಗಳ ಪದ್ಧತಿ.

ಮುನ್ನುಡಿಯನ್ನಷ್ಟೇ ತಿಂದಿದ್ದ ಹಿರಿಯ ಗೆದ್ದಲು ಮೊದಲು ಮಾತಾಡಿತು: "ಕಾದಂಬರಿ ಪರವಾಗಿಲ್ಲ. ಆದರೆ ನಂಬುವಂತಿಲ್ಲ."

"ಅಜ್ಜಾ, ನಾನು ನಡುವಿನ ಪುಟ ತಿಂದೆ," ಎಂದಿತು ಕಿರಿಯ ಗೆದ್ದಲು. "ಡೈನೋಸಾರ್ ಮೂರು ಬೆರಳಿನ ಪಾದದಿಂದ ನೆಲ ಕೆದರುತ್ತದಂತೆ. ಕತ್ತು ಓರೆಮಾಡಿ ಒಂದೇ ಕಣ್ಣಿಂದ ನೋಡುತ್ತದಂತೆ. ಆಮೇಲೆ ಇಡಿಯಾಗಿ ನುಂಗುತ್ತದಂತೆ. ಈ ಪುಸ್ತಕ ಬಿಟ್ಟು ಮಣ್ಣಿನಾಳಕ್ಕೆ ಹೋಗಿಬಿಡೋಣ."

"ಹುಚ್ಚಪ್ಪಾ, ಅವು ಸತ್ತು ಕೋಟಿಗಟ್ಟಲೆ ವರ್ಷವಾಯಿತು. ಲೇಖಕರು ಹೆದರಿಸುವುದಕ್ಕೆಂದೇ ಹೀಗೆಲ್ಲ ಬರೆಯುತ್ತಾರೆ. ಸುಮ್ಮನೆ ಉಳಿದ ಪುಟ ತಿನ್ನು."

ಸಭೆಯೆಲ್ಲ ನಕ್ಕಿತು. ಕಿರಿಯ ಗೆದ್ದಲು ನಾಚಿಕೊಂಡು ಮತ್ತೆ ಪುಟಕ್ಕೆ ಬಾಯಿ ಹಾಕಿತು.

ಅಷ್ಟರಲ್ಲಿ ಮೇಲೆ ಪರಪರನೆ ಕೆದರುವ ಸದ್ದು ಕೇಳಿಸಿತು. ಪುಸ್ತಕದ ರಟ್ಟು ಮಗುಚಿ ಬಿತ್ತು. ಬಿಸಿಲು ಒಮ್ಮೆಲೇ ಒಳನುಗ್ಗಿತು. ಮೂರು ಬೆರಳಿನ ಪಾದವೊಂದು ಸಭೆಯ ನಡುವೆ ಇಳಿಯಿತು. ದುಂಡನೆಯ ಕಣ್ಣೊಂದು ಓರೆಯಾಗಿ ಹಿರಿಯ ಗೆದ್ದಲನ್ನೇ ನೋಡಿತು.

"ಬನ್ನಿ ಮಕ್ಕಳೇ, ಎಲ್ಲರಿಗೂ ಸಾಕಾಗುವಷ್ಟಿದೆ," ಎಂದು ಕೋಳಿ ತನ್ನ ಹನ್ನೊಂದು ಮರಿಗಳನ್ನು ಕೂಗಿ ಕರೆಯಿತು.