ಬಲಗಣ್ಣಿನ ಮರ್ಯಾದೆ

ಚೆನ್ನವೀರನೆಂಬ ಶಿಷ್ಯ ಗುರುವನ್ನು ಕೇಳಿದ: “ಅಭಿಮಾನ ಬಿಡು, ಅಭಿಮಾನ ಬಿಡು ಅನ್ನುತ್ತಾರೆ ಹಿರಿಯರು. ಒಂದು ವಿದ್ಯೆಗೆ ಇಪ್ಪತ್ತು ವರ್ಷ ಬೆವರು ಸುರಿಸಿದವನು ಅದನ್ನು ಬಿಡುವುದು ಹೇಗೆ ಗುರುಗಳೇ?”

ಗುರು ಒಂದು ಕತೆ ಹೇಳಿದ.

ಒಂದೂರಲ್ಲಿ ಒಬ್ಬ ಕಣ್ಣಿನ ವೈದ್ಯನಿದ್ದ. ಪೊರೆ ಬಂದ ಕಣ್ಣಿಗೆ ಅವನ ಕೈ ಸೋಕಿದರೆ ಸಾಕು, ಗೋಡೆ ಹಿಡಿದು ಬಂದವರು ಸೂಜಿಗೆ ದಾರ ಪೋಣಿಸುತ್ತಾ ಹೋಗುತ್ತಾರೆ ಎಂದು ಸುತ್ತ ಹತ್ತೂರಲ್ಲಿ ಮಾತು. ಅದು ಅವನಿಗೂ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇರುವ ಅಭ್ಯಾಸ ಅವನಿಗಿರಲಿಲ್ಲ.

ಪೊರೆ ತೆಗೆಯುವುದೆಂದರೆ ತಿರುಳು ತೆಗೆದು ಸಿಪ್ಪೆ ಉಳಿಸಿದ ಹಾಗೆ. ಕಣ್ಣೊಳಗೆ ಈರುಳ್ಳಿ ಸಿಪ್ಪೆಗಿಂತ ತೆಳ್ಳನೆಯ ಚೀಲವೊಂದಿದೆ. ಮಸುಕಾದ ಮಸೂರವನ್ನು ಅದರಿಂದ ತೆಗೆದು, ಅದೇ ಚೀಲದಲ್ಲಿ ಹೊಸದನ್ನು ಕೂರಿಸುತ್ತಾರೆ. ಪಟ್ಟಿ ಬಿಚ್ಚಿದ ದಿನ ಎಲ್ಲರಿಗೂ ಹಬ್ಬ. ಆದರೆ ಚೀಲದ ಗೋಡೆಯಲ್ಲಿ ಹಳೆಯ ಮಸೂರದ ಒಂದು ಚೂರು ಅಂಟು ಉಳಿದರೂ ಅದು ಎರಡು ಮೂರು ವರ್ಷದಲ್ಲಿ ಹಬ್ಬಿ, ಚೀಲದ ಬೆನ್ನನ್ನೇ ಮಬ್ಬು ಮಾಡುತ್ತದೆ. ಈ ವೈದ್ಯ ಆ ಗೋಡೆಯನ್ನು ಒರೆಸುವುದರಲ್ಲಿ ಎತ್ತಿದ ಕೈ. ಅದೇ ಅವನ ಹೆಸರು, ಅದೇ ಅವನ ಗತ್ತು.

ಅವನ ಹತ್ತಿರ ಕೆಲಸಕ್ಕಿದ್ದ ಕಿರಿಯ ವೈದ್ಯೆ ಒಂದು ದಿನ ಹೇಳಿದಳು: “ಎಷ್ಟು ಒರೆಸಿದರೂ ಒಂದಿಷ್ಟು ಉಳಿದೇ ಉಳಿಯುತ್ತೆ ಸರ್. ಚೀಲದ ಬಾಯನ್ನು ಮಸೂರಕ್ಕಿಂತ ಚೂರು ಸಣ್ಣದಾಗಿ ದುಂಡಗೆ ತೆರೆದು, ಚೌಕ ಅಂಚಿನ ಮಸೂರ ಇಡೋಣ. ಆ ಅಂಚೇ ಗದ್ದೆ ಬದುವಿನ ಹಾಗೆ ನಿಂತು ಅಂಟನ್ನು ತಡೆಯುತ್ತೆ.”

“ನಾನು ಸಾವಿರಾರು ಕಣ್ಣು ಒರೆಸಿದ್ದೇನೆ ತಾಯಿ. ನಿನ್ನದು ಎಷ್ಟಾಯಿತು?”

“ನಲವತ್ತು.”

“ಆಗಲಿ. ಕಣ್ಣೇ ಹೇಳಲಿ.”

ಎರಡು ಕಣ್ಣಿಗೂ ಪೊರೆ ಬಂದಿದ್ದ ಅರವತ್ತು ಮಂದಿ ಇದಕ್ಕೆ ಒಪ್ಪಿದರು. ಬಲಗಣ್ಣಿಗೆ ಹಿರಿಯನ ರೀತಿ, ಎಡಗಣ್ಣಿಗೆ ಕಿರಿಯಳ ರೀತಿ. ಮೂರು ವರ್ಷ ಕಳೆದ ಮೇಲೆ ಪರೀಕ್ಷೆ. ಪರೀಕ್ಷಿಸುವವನು ಪರವೂರಿನ ವೈದ್ಯ. ಯಾವ ಕಣ್ಣು ಯಾರದೆಂದು ಅವನಿಗೆ ತಿಳಿಯಬಾರದು. ಗೆದ್ದ ರೀತಿಯೇ ಅಲ್ಲಿಂದಾಚೆ ಎಲ್ಲರ ಕಣ್ಣಿಗೂ.

ಆ ದಿನ ಬಂತು. ಪರವೂರಿನವನು ಗೋಡೆಗೊಂದು ಹಲಗೆ ತೂಗುಹಾಕಿದ. ಅದರ ತುಂಬ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು. ಕೋಲು ಮುಟ್ಟಿದ ಗುರುತಿನ ಹಲ್ಲು ಯಾವ ಕಡೆಗಿದೆ ಎಂದು ಹೇಳಬೇಕು. ಹತ್ತು ಮಂದಿ ಹೇಳಿದರು. ಎಡಗಣ್ಣೂ ಸರಿ, ಬಲಗಣ್ಣೂ ಸರಿ. ಪಕ್ಕದಲ್ಲಿ ಕೂತಿದ್ದ ಹಿರಿಯನಿಗೆ ಒಳಗೊಳಗೇ ಹಿಗ್ಗು. ಕಿರಿಯಳ ಮುಖ ಸಣ್ಣದಾಯಿತು.

ಹನ್ನೊಂದನೆಯವನಾಗಿ, ಪಾತ್ರೆಗೆ ಕಲಾಯಿ ಹಾಕುವವನೊಬ್ಬ ಬಂದ. ಎಡಗಣ್ಣು ಮುಚ್ಚಿಕೊಂಡು ಬಲಗಣ್ಣಿನಲ್ಲಿ ನೋಡುತ್ತಾ ಶುರುಮಾಡಿದ: “ಮೇಲೆ, ಬಲ, ಕೆಳಗೆ, ಬಲ, ಎಡ.” ಕೋಲು ಇನ್ನೂ ಮೂರನೆಯ ಗುರುತಿನ ಮೇಲೇ ಇತ್ತು.

ಹಿರಿಯ ವೈದ್ಯನ ಹಿಗ್ಗು ಅಲ್ಲೇ ನಿಂತಿತು. ಅವನು ಸುಮ್ಮನಿದ್ದರೂ ನಡೆಯುತ್ತಿತ್ತು. ಪರವೂರಿನವನು ಆಗಲೇ ‘ಸರಿ’ ಎಂದು ಬರೆಯುತ್ತಿದ್ದ. ಹಿರಿಯ ಎದ್ದುಹೋಗಿ, ಹಲಗೆ ಕಳಚಿ, ತಲೆಕೆಳಗು ಮಾಡಿ ತೂಗುಹಾಕಿ, “ಇನ್ನೊಂದು ಸಲ ಹೇಳಪ್ಪ” ಅಂದ.

“ಮೇಲೆ, ಬಲ, ಕೆಳಗೆ, ಬಲ, ಎಡ.”

“ಯಾರು ಕಲಿಸಿದರು?”

ಕಲಾಯಿಯವನು ಎಡಗಣ್ಣಿನ ಮೇಲಿದ್ದ ಕೈ ತೆಗೆದ. ತಿರುಗಿದ ಹಲಗೆ ಈಗ ಕಂಡಿತು. “ಮೊದಲು ಬಂದೋರು ಹೊರಗೆ ಹೋಗಿ ಹೇಳ್ತಿದ್ರು, ಉಳಿದೋರು ಬಾಯಿಪಾಠ ಮಾಡಿಕೊಂಡ್ವಿ, ಡಾಕ್ಟ್ರೇ. ಬಲಗಣ್ಣು ನಿಮ್ಮದು ಅಂತ ಎಲ್ರಿಗೂ ಗೊತ್ತು. ಮೊನ್ನೆ ಮೊನ್ನೆ ಬಂದ ಹುಡುಗಿ ಎದುರು ನಿಮ್ಮ ತಲೆ ತಗ್ಗಬಾರದಲ್ಲ. ನನಗೇನು, ಇನ್ನೊಂದು ಕಣ್ಣಿದೆ, ಸಂಭಾಳಿಸ್ತೀನಿ.”

“ನಾಳೆ ನಿನ್ನ ಹೆಂಡತಿ ಕಣ್ಣಿಗೆ ಪೊರೆ ಬಂದರೆ ಯಾವ ರೀತಿ ಮಾಡಲಿ?”

ಕಲಾಯಿಯವನು ಕಾಲಬೆರಳು ನೋಡಿಕೊಂಡು ಮೆಲ್ಲಗೆ, “ಎಡಗಣ್ಣಿಂದು,” ಅಂದ.

ಹಿರಿಯ ವೈದ್ಯ ಹೊರಗೆ ಹೋದವರನ್ನೂ ಕರೆಸಿದ. ಒಬ್ಬೊಬ್ಬರಿಗೂ ಹಲಗೆಯನ್ನು ಒಂದೊಂದು ದಿಕ್ಕಿಗೆ ತಿರುಗಿಸಿ ತಾನೇ ಹಿಡಿದು ನಿಂತ. ಸಂಜೆಗೆ ಲೆಕ್ಕ ಸಿಕ್ಕಿತು. ಮಬ್ಬಾದ ಬಲಗಣ್ಣು ಇಪ್ಪತ್ತಮೂರು, ಎಡಗಣ್ಣು ನಾಲ್ಕು. ಮಬ್ಬಾದವರನ್ನೆಲ್ಲ, ಚೀಲದ ಬೆನ್ನಿನಲ್ಲಿ ಬೆಳಕಿನ ಕಿರಣದಿಂದ ಕಿಂಡಿ ತೆರೆಸಲು ನಗರಕ್ಕೆ ಕಳಿಸುವ ಏರ್ಪಾಡು ಮಾಡಿದ. ಆಮೇಲೆ ಆ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ತನ್ನ ಪೂರ್ತಿ ಹೆಸರು ಹಾಕಿ, ಆಸ್ಪತ್ರೆಯ ಬಾಗಿಲಿಗೆ ಅಂಟಿಸಿದ. ಮಾರನೆಯ ದಿನ ಕಿರಿಯಳ ಪಕ್ಕದಲ್ಲಿ ನಿಂತು, ಚೀಲದ ಬಾಯಿ ತೆರೆಯುವುದನ್ನು ಮೊದಲಿನಿಂದ ಕಲಿತ. ಬಾಗಿಲಿನ ಹಾಳೆಯ ಮುಂದೆ ಹಾದುಹೋಗುವಾಗಲೆಲ್ಲ ಅವನ ಎದೆ ಮುಂದೆಯೇ ಇರುತ್ತಿತ್ತು.

ಚೆನ್ನವೀರ ತಲೆದೂಗಿದ. “ಅಂದರೆ, ಹಲಗೆ ತಿರುಗಿಸಿದ ಗಳಿಗೆಯಲ್ಲಿ ಆ ವೈದ್ಯ ಅಭಿಮಾನ ಬಿಟ್ಟ.”

ಗುರು ಹೇಳಿದ: “ಅಭಿಮಾನವಿಲ್ಲದವನಾಗಿದ್ದರೆ, ಮಗು, ಅವನು ಎದ್ದೇ ಇರುತ್ತಿರಲಿಲ್ಲ.”